ಕುದುರೆಯಿಲ್ಲದವರ ವೀರಧರ್ಮ

ಇಂಗ್ಲಿಷಿನಲ್ಲಿ ‘ಷಿವಲ್ರಿ’ ಎಂದೊಂದು ಮಾತಿದೆ. ಅದಕ್ಕೆ ಸರಿಯಾದ ಕನ್ನಡ ಪದವನ್ನು ಹುಡುಕಹೊರಟವನಿಗೆ ಒಂದರ ಬದಲು ಮೂರು ನಾಲ್ಕು ಸಿಕ್ಕುತ್ತವೆ. ಒಂದೂ ಪೂರ್ತಿಯಾಗಿ ಹೊಂದುವುದಿಲ್ಲ. ವೀರಧರ್ಮವೆಂದರೆ ಕತ್ತಿಯ ಸದ್ದು ಹೆಚ್ಚಾಯಿತು. ದಾಕ್ಷಿಣ್ಯವೆಂದರೆ ಕತ್ತಿಯೇ ಇಲ್ಲದಂತಾಯಿತು. ಸೌಜನ್ಯವೆಂದರೆ ಬರಿಯ ನಮಸ್ಕಾರದಲ್ಲಿ ಮುಗಿದುಹೋಯಿತು. ಆ ಮಾತಿನ ಬೇರನ್ನು ಕೆದಕಿದರೆ ಫ್ರೆಂಚರ ಕುದುರೆ ಎದ್ದುಬರುತ್ತದೆ. ಕುದುರೆಯೇರಿದ ಯೋಧನು ಬಲವಿದ್ದೂ ಹೇಗೆ ನಡೆದುಕೊಳ್ಳಬೇಕು ಎಂಬ ಕಟ್ಟುಪಾಡಿಗೆ ಆ ಹೆಸರು ಬಂತಂತೆ. ನಮ್ಮಲ್ಲಿ ಬಹುಮಂದಿಗೆ ಕುದುರೆಯಿಲ್ಲ. ಬಸ್ ಪಾಸು ಉಂಟು. ಬಸ್ ಪಾಸಿನವನಿಗೆ ವೀರಧರ್ಮವೇಕೆ ಎಂದು ಯಾರಾದರೂ ನಕ್ಕರೆ ತಪ್ಪಲ್ಲ. 1605ರಲ್ಲಿ ಸ್ಪೇನಿನ ಸರ್ವಾಂಟಿಸ್ ತನ್ನ ಡಾನ್ ಕ್ವಿಕ್ಸೋಟನನ್ನು ಗಾಳಿಯಂತ್ರಗಳ ಮೇಲೆ ಏರಿಸಿ ಕೆಡವಿದ ಮೇಲೆ, ಈ ಧರ್ಮವನ್ನು ಪಾಲಿಸುತ್ತೇನೆಂದು ಗಟ್ಟಿಯಾಗಿ ಹೇಳುವ ಧೈರ್ಯ ಯಾರಿಗೂ ಅಷ್ಟಾಗಿ ಉಳಿದಿಲ್ಲ.

ಆದರೂ ಹಾಸನದ ಸೀಮೆಯವರಾದ ನಾವು ಈ ನಗೆಯನ್ನು ಅಷ್ಟು ಸುಲಭವಾಗಿ ನಗುವಂತಿಲ್ಲ. ನಮ್ಮ ಹಳೇಬೀಡಿನಲ್ಲಿಯೇ ಅದಕ್ಕೊಂದು ಅಡ್ಡಿ ಕಲ್ಲಾಗಿ ನಿಂತಿದೆ.

ಹೊಯ್ಸಳೇಶ್ವರ ದೇವಾಲಯವನ್ನು ನೋಡಬಂದವರು ಆನೆಯ ಸಾಲನ್ನೂ ಮದನಿಕೆಯರನ್ನೂ ನೋಡಿ, ನಂದಿಯ ಮುಂದೆ ನಿಂತು ಪಟ ತೆಗೆಸಿಕೊಂಡು ಹೊರಡುತ್ತಾರೆ. ಅಲ್ಲಿಯೇ ಮಗ್ಗುಲಲ್ಲಿರುವ ಒಂದು ಕಂಬದ ಬಳಿ ನಿಲ್ಲುವವರು ಕಡಿಮೆ. ಅದು ಗರುಡಗಂಬ. ಅದರ ಮೇಲೆ ಸಣ್ಣ ಸಣ್ಣ ವೀರರ ಆಕೃತಿಗಳಿವೆ. ಅವರು ಶತ್ರುಗಳೊಡನೆ ಹೋರಾಡುತ್ತಿಲ್ಲ. ತಮ್ಮ ತಲೆಗಳನ್ನು ತಾವೇ ಅರಿದುಕೊಳ್ಳುತ್ತಿದ್ದಾರೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಅವನ ದಂಡನಾಯಕನಾದ ಕುವರ ಲಕ್ಷ್ಮನು ಕೊಟ್ಟ ಮಾತಿನಂತೆ ಒಡೆಯನೊಡನೆ ಪ್ರಾಣಬಿಟ್ಟನು. ಅವನ ಹೆಂಡತಿ ಸುಗ್ಗಲದೇವಿಯೂ, ಅವನ ಸಾವಿರ ಮಂದಿ ಯೋಧರೂ ಅವನ ಜೊತೆಗೆ ಹೋದರೆಂದು ಶಾಸನ ಹೇಳುತ್ತದೆ. ಹೊಯ್ಸಳರಲ್ಲಿ ಹೀಗೆ ಪ್ರತಿಜ್ಞೆ ಮಾಡಿದವರನ್ನು ಗರುಡರೆಂದು ಕರೆಯುತ್ತಿದ್ದರು. ವಿಷ್ಣುವಿಗೆ ಗರುಡನಿದ್ದಂತೆ ರಾಜನಿಗೆ ಇವರು. ಮಂಡ್ಯ ಜಿಲ್ಲೆಯ ಅಗ್ರಹಾರ ಬಾಚಹಳ್ಳಿಯಲ್ಲಿಯೂ ಗರುಡಗಂಬಗಳಿವೆ. ಅಲ್ಲಿ ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಈ ವ್ರತವನ್ನು ನಡೆಸಿಕೊಂಡು ಬಂದ ಕಥೆಯಿದೆ.

ನಮ್ಮ ಹಳಗನ್ನಡದವರು ಈ ನಿಷ್ಠೆಗೆ ಒಳ್ಳೆಯ ಹೆಸರುಗಳನ್ನು ಇಟ್ಟಿದ್ದರು. ಉಂಡ ಅನ್ನದ ಋಣವನ್ನು ತೀರಿಸುವುದು ಜೋಳವಾಳಿ. ಒಡೆಯನ ಸಾವಿನ ವೇಳೆಗೆ ತಾನೂ ಸಾಯುವೆನೆಂಬುದು ವೇಳೆವಾಳಿ. ಮಾತು ಕೊಟ್ಟ ಮೇಲೆ ಹಿಂದೆಗೆಯಬಾರದೆಂಬ ಆ ಗಟ್ಟಿತನವನ್ನು ನೆನೆದಾಗ, ನಾಳೆ ಪುಸ್ತಕ ತಂದುಕೊಡುತ್ತೇನೆಂದು ಹೇಳಿ ಒಂದು ತಿಂಗಳು ಕಣ್ಣು ತಪ್ಪಿಸಿಕೊಂಡು ತಿರುಗುವ ನಮ್ಮ ಜಾತಿಯ ಮೇಲೆ ನಾಚಿಕೆಯಾಗದೆ ಇರದು.

ಆದರೆ ಮೆಚ್ಚಿಕೆಯಾದ ಮೇಲೆ ಎರಡು ಪ್ರಶ್ನೆಗಳು ಏಳುತ್ತವೆ. ಲಕ್ಷ್ಮನು ತನ್ನ ತಲೆಯನ್ನು ಒಡ್ಡಿದನು, ಸರಿ, ಅದು ಅವನದು. ಅವನ ಬೆನ್ನ ಹಿಂದಿದ್ದ ಸಾವಿರ ತಲೆಗಳು ಯಾರವು? ಸುಗ್ಗಲದೇವಿಯ ಮನಸ್ಸಿನಲ್ಲಿ ಏನಿತ್ತೆಂದು ಕೇಳೋಣವೆಂದರೆ ಕಲ್ಲು ಉತ್ತರ ಕೊಡುವುದಿಲ್ಲ. ಇನ್ನೊಂದು: ಆ ಸಾವಿನಿಂದ ಯಾರ ಕಣ್ಣೀರು ನಿಂತಿತು? 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಾಗ ಮುಮ್ಮಡಿ ಬಲ್ಲಾಳನು ಶರಣಾಗಿ ಭಂಡಾರವನ್ನೇ ಒಪ್ಪಿಸಬೇಕಾಯಿತು. ಗರುಡರ ನಿಷ್ಠೆ ರಾಜನ ದೇಹದ ಜೊತೆಗೆ ಮುಗಿಯುವಂಥದು. ಊರಿನ ಕಷ್ಟಕ್ಕೆ ಅದು ಒದಗಿಬರಲಿಲ್ಲ.

ಇದಕ್ಕಿಂತ ಚಿಕ್ಕ ಕಲ್ಲುಗಳು ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿ, ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ ಅರ್ಧ ಹೂತು ನಿಂತಿವೆ. ಅವು ವೀರಗಲ್ಲುಗಳು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕುಳಿತಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬಿಡಿಸಲು ಹೋಗಿ ಸತ್ತವನದು ತುರುಗೋಳಿನ ಕಲ್ಲು. ಹೆಂಗಸರ ಮೇಲೆ ಕೈ ಮಾಡಿದವರನ್ನು ಎದುರಿಸಿ ಮಡಿದವನಿಗೂ ಕಲ್ಲು ನಿಲ್ಲಿಸಿದರು. ಅಂಥ ಕಾಳಗವನ್ನು ಶಾಸನಗಳು ‘ಪೆಣ್ಬುಯ್ಯಲ್’ ಎನ್ನುತ್ತವೆ. ಪುಯ್ಯಲ್ ಎಂದರೆ ಹುಯ್ಯಲು, ಕೂಗು. ಹೆಣ್ಣಿನ ಮೊರೆ ಕಿವಿಗೆ ಬಿತ್ತು, ಅವನು ಎದ್ದು ಹೋದ. ಕೂಗಿದವಳು ತನ್ನ ಒಡೆಯನ ಮನೆಯವಳೇ, ತನ್ನ ಕುಲದವಳೇ ಎಂದು ಕೇಳಿಕೊಂಡು ಕೂತಿದ್ದರೆ ಆ ಕಲ್ಲು ಏಳುತ್ತಿರಲಿಲ್ಲ.

ಗರುಡನು ಒಬ್ಬ ಮನುಷ್ಯನಿಗೆ ಮಾತು ಕೊಟ್ಟವನು; ಪೆಣ್ಬುಯ್ಯಲಿನ ವೀರನು ಕೂಗಿಗೆ ಓಗೊಟ್ಟವನು. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಪ್ರಸಂಗ ನಮಗೆಲ್ಲಿ ಬರುತ್ತದೆ ಎನ್ನುವಿರೋ? ಹಾಸ್ಟೆಲಿನ ಕೋಣೆಯಲ್ಲಿಯೇ ಬರುತ್ತದೆ, ನನಗೆ ಬಂತು.

ನನಗೊಬ್ಬ ಸ್ನೇಹಿತನಿದ್ದ. ನಾನು ಜ್ವರದಲ್ಲಿ ಮಲಗಿದ್ದಾಗ ಎರಡು ರಾತ್ರಿ ನಿದ್ದೆಗೆಟ್ಟವನು. ಶುಲ್ಕ ಕಟ್ಟುವ ಕೊನೆಯ ದಿನ ನನಗಾಗಿ ತನ್ನ ಹಣ ಕೊಟ್ಟವನು. ಜೋಳವಾಳಿಯ ಲೆಕ್ಕ ತೆಗೆದರೆ ನಾನು ಅವನಿಗೆ ದೊಡ್ಡ ಸಾಲಗಾರ. ಒಂದು ಸಂಜೆ ನಮ್ಮ ಮೊಬೈಲಿನ ಗುಂಪಿನಲ್ಲಿ ಅವನು ಒಬ್ಬ ಸಹಪಾಠಿನಿಯ ಭಾವಚಿತ್ರವನ್ನು ಹಾಕಿ, ಅದರ ಕೆಳಗೆ ಸುಳ್ಳು ಮಾತೊಂದನ್ನು ಬರೆದ. ಆಕೆ ಅವನ ಸ್ನೇಹವನ್ನು ಒಲ್ಲೆನೆಂದಿದ್ದಳು, ಅಷ್ಟೆ. ಮೂವತ್ತು ಮಂದಿ ಅದನ್ನು ನೋಡಿದರು. ಕೆಲವರು ನಕ್ಕರು, ಉಳಿದವರು ಸುಮ್ಮನಿದ್ದರು. ಆ ಸುಮ್ಮನಿರುವಿಕೆಗೆ ನಮ್ಮಲ್ಲಿ ಸ್ನೇಹಧರ್ಮವೆಂದು ಹೆಸರು.

ಹಳೇಬೀಡಿನ ಗೋಡೆಗಳ ಮೇಲೆ ಮಹಾಭಾರತವನ್ನು ಕಂಡರಿಸಿದ್ದಾರೆ. ಆ ಕಥೆಯ ಸಭಾಪರ್ವ ನನಗೆ ನೆನಪಿಗೆ ಬಂತು. ದ್ರೌಪದಿ ಸಭೆಯಲ್ಲಿ ನಿಂತು ಕೇಳಿದಾಗ ಭೀಷ್ಮನು ಧರ್ಮವು ಸೂಕ್ಷ್ಮವೆಂದ; ದ್ರೋಣನು ಬಾಯಿ ಬಿಡಲಿಲ್ಲ. ಅವರು ಹೇಡಿಗಳೆಂದು ಯಾರೂ ಹೇಳರು. ಆದರೂ ಆ ಹೊತ್ತಿಗೆ ಅವರ ಶೌರ್ಯವೆಲ್ಲ ಅರಮನೆಯ ಅನ್ನದ ಋಣದಲ್ಲಿ ಅಡವಾಗಿತ್ತು. ಎದ್ದು ನಿಂತು ಇದು ಅನ್ಯಾಯವೆಂದವನು ದುರ್ಯೋಧನನ ತಮ್ಮ ವಿಕರ್ಣ. ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಮಾತು. ಯುದ್ಧ ಬಂದಾಗ ಆತನು ಅಣ್ಣನನ್ನು ಬಿಟ್ಟು ಹೋಗಲಿಲ್ಲ. ಅಣ್ಣನ ಪಕ್ಷದಲ್ಲಿಯೇ ಹೋರಾಡಿ ಸತ್ತ. ಅವನನ್ನು ಕೊಂದ ಭೀಮನೇ ಅವನಿಗಾಗಿ ಮರುಗಿದನೆಂದು ವ್ಯಾಸಭಾರತ ಹೇಳುತ್ತದೆ. ಋಣವನ್ನೂ ತೀರಿಸಿದ, ಸತ್ಯವನ್ನೂ ಆಡಿದ. ಒಂದಕ್ಕಾಗಿ ಇನ್ನೊಂದನ್ನು ಮಾರಿಕೊಳ್ಳಲಿಲ್ಲ.

ನಾನು ಅದೇ ಗುಂಪಿನಲ್ಲಿ, ಇದು ಸುಳ್ಳು, ತೆಗೆದುಹಾಕು ಎಂದು ಬರೆದೆ. ಬಳಿಕ ಅವನ ಕೋಣೆಗೆ ಹೋಗಿ ಎದುರಿಗೆ ಕುಳಿತು ಅದನ್ನೇ ಹೇಳಿದೆ. ಅವನು ಚಿತ್ರವನ್ನು ತೆಗೆದ. ನನ್ನೊಡನೆ ಮಾತನ್ನೂ ಬಿಟ್ಟ. ಹಣವನ್ನು ಎರಡು ಕಂತಿನಲ್ಲಿ ಹಿಂದಿರುಗಿಸಿದೆ. ಆ ಎರಡು ರಾತ್ರಿಗಳನ್ನು ಹಿಂದಿರುಗಿಸುವುದು ಹೇಗೆಂದು ತಿಳಿಯದು. ಇಂದಿಗೂ ಊಟದ ಮನೆಯಲ್ಲಿ ಅವನು ದೂರದ ಬೆಂಚಿನಲ್ಲಿ ಕೂರುತ್ತಾನೆ. ಅವನ ವಿಷಯವಾಗಿ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಅದನ್ನೂ ತಡೆಯುತ್ತೇನೆ. ಆ ಸಹಪಾಠಿನಿಗೆ ನಾನು ಏನನ್ನೂ ಹೇಳಹೋಗಲಿಲ್ಲ. ಹೇಳಿದ್ದರೆ ಆಕೆಯ ತಲೆಯ ಮೇಲೆ ನನ್ನದೊಂದು ಉಪಕಾರದ ಹೊರೆ ಹೊರಿಸಿದಂತಾಗುತ್ತಿತ್ತು.

ಈ ಒಂದು ಅಂಶದಲ್ಲಿ ಹಳೆಯ ವೀರಧರ್ಮವನ್ನು ನಾವು ತಿದ್ದಿಕೊಳ್ಳಬೇಕಾಗಿದೆ. ಹೆಣ್ಣನ್ನು ಕಾಪಾಡುತ್ತೇನೆಂದು ಹೊರಟವನು ಎಷ್ಟೋ ಸಲ ಅವಳ ಮೇಲೆ ಒಡೆತನವನ್ನು ಹೂಡಿಬಿಡುತ್ತಾನೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು, ಇಳಿಯುವತನಕ ಆಕೆಯ ಮುಖವನ್ನೇ ನೋಡುತ್ತ ನಿಲ್ಲುವ ಮಹಾಶಯನಿಗಿಂತ, ಸೀಟು ಕೊಡದೆ ನಿದ್ದೆ ಮಾಡುವವನೇ ವಾಸಿ. ನಮ್ಮ ತರಗತಿಯ ಹುಡುಗಿಯರಿಗೆ ಬೇಕಾದುದು ರಕ್ಷಕನಲ್ಲ. ತಮ್ಮ ಬೆನ್ನ ಹಿಂದೆಯೂ ತಮ್ಮನ್ನು ಮನುಷ್ಯರಂತೆ ಕಾಣುವ ಜೊತೆಗಾರ. ಈ ಧರ್ಮ ಗಂಡಸರದೊಂದೇ ಸೊತ್ತೂ ಅಲ್ಲ. ಕೂಗನ್ನು ಕೇಳುವ ಕಿವಿ ಇಬ್ಬರಿಗೂ ಇದೆ.

ನಾನು ನನಗಾಗಿ ಇಟ್ಟುಕೊಂಡಿರುವ ಕಟ್ಟಳೆಗಳು ಹೆಚ್ಚಿಲ್ಲ. ಎದುರಿಗೆ ಆಡಲಾರದ ಮಾತನ್ನು ಹಿಂದೆಯೂ ಆಡಬಾರದು. ಕೂಗು ಕೇಳಿದರೆ ಕೂಗಿದವರ ಜಾತಿ, ಊರು, ಪಕ್ಷಗಳನ್ನು ವಿಚಾರಿಸಬಾರದು. ಸೋತವನನ್ನು ಮತ್ತೆ ಹೊಡೆಯಬಾರದು; ಅವನು ತಪ್ಪಿತಸ್ಥನಾಗಿದ್ದರೂ ಸರಿಯೆ. ಮಾಡಿದ ಉಪಕಾರಕ್ಕೆ ರಸೀದಿ ಕೇಳಬಾರದು. ಕೊನೆಯದಾಗಿ, ಲಕ್ಷ್ಮನ ಕಂಬದಿಂದ ಕಲಿತದ್ದು: ವ್ರತವನ್ನು ನಾನು ಹಿಡಿದರೆ ನನ್ನ ತಲೆಯನ್ನು ಮಾತ್ರ ಒಡ್ಡಬೇಕು, ಜೊತೆಯವರ ತಲೆಗಳನ್ನಲ್ಲ. ನನ್ನ ನಿಯಮಕ್ಕಾಗಿ ನನ್ನ ತಾಯಿ ಉಪವಾಸವಿರಬೇಕಾದರೆ ಅದು ನನ್ನ ನಿಯಮವಾಗಲಾರದು.

ಇವುಗಳಲ್ಲಿ ಯಾವುದಕ್ಕೂ ಪ್ರಾಣ ಬೇಕಾಗಿಲ್ಲವಲ್ಲ, ಇದೆಂಥ ವೀರಧರ್ಮ ಎಂದು ಕೇಳಬಹುದು. ನಿಜ, ನಮ್ಮ ಕಾಲ ನಮ್ಮಿಂದ ತಲೆಯನ್ನು ಕೇಳುವುದಿಲ್ಲ. ಒಬ್ಬ ಸ್ನೇಹಿತನನ್ನೋ, ಹತ್ತು ಮಂದಿಯ ಮೆಚ್ಚುಗೆಯನ್ನೋ, ಪರೀಕ್ಷೆಯಲ್ಲಿ ಐದು ಅಂಕಗಳನ್ನೋ ಕೇಳುತ್ತದೆ. ಒಮ್ಮೆಗೇ ಕೊಟ್ಟು ಮುಗಿಸುವಂತೆಯೂ ಇಲ್ಲ. ದಿನದಿನವೂ ಚೂರುಚೂರಾಗಿ ಕೊಡುತ್ತಿರಬೇಕು. ಇದಕ್ಕಾಗಿ ಯಾರೂ ನಮಗೆ ಕಲ್ಲು ನಿಲ್ಲಿಸರು. ಸಹಪಾಠಿಗಳೇ, ಮುಂದಿನ ಸಲ ಹಳೇಬೀಡಿಗೆ ಪ್ರವಾಸ ಹೋದಾಗ ನೀವು ಆ ಗರುಡಗಂಬದ ಬಳಿ ಒಂದು ನಿಮಿಷ ನಿಲ್ಲಿರಿ. ಆದರೆ ಬರುವ ದಾರಿಯಲ್ಲಿ, ಹೆಸರು ಸವೆದುಹೋದ ಯಾವುದಾದರೂ ವೀರಗಲ್ಲು ಕಂಡರೆ ಅದರ ಬಳಿ ಎರಡು ನಿಮಿಷ ನಿಲ್ಲಿರಿ.