ಹನ್ನೆರಡನೆಯ ತುಂಡು

ತೇಪೆ ಎಂಬ ಪದಕ್ಕೆ ನಮ್ಮ ಮಾತಿನಲ್ಲಿ ಮರ್ಯಾದೆ ಕಡಿಮೆ. ‘ತೇಪೆ ಹಚ್ಚಿ ಕಳಿಸಿದ್ದಾರೆ’ ಎಂದರೆ ಕೆಲಸ ನೆಟ್ಟಗೆ ಮಾಡಿಲ್ಲ ಎಂದೇ ಅರ್ಥ. ತಂತ್ರಾಂಶದ ಲೋಕದಲ್ಲಿ ಮಾತ್ರ ಅದೇ ತೇಪೆ ‘ಪ್ಯಾಚ್’ ಎಂಬ ಹೆಸರಿನಲ್ಲಿ ಗೌರವದಿಂದ ಓಡಾಡಿಕೊಂಡಿದೆ. ನಮ್ಮ ದಿನದ ಅರ್ಧ ಕೆಲಸವೇ ಇನ್ನೊಬ್ಬರು ಬರೆದ ಪ್ಯಾಚನ್ನು ಓದುವುದು, ಒಪ್ಪುವುದು, ಹಚ್ಚುವುದು. ಬರೆಯುವ ಬಗ್ಗೆ, ಓದುವ ಬಗ್ಗೆ ಬೇಕಾದಷ್ಟು ಚರ್ಚೆ ಮಾಡುತ್ತೇವೆ. ಹಚ್ಚುವುದನ್ನು ಮಾತ್ರ ಒಂದು ಬಟನ್ನಿನ ಕೆಲಸ ಎಂದುಕೊಂಡಿರುತ್ತೇವೆ. ಅದು ಹಾಗಲ್ಲ ಎಂದು ಹೇಳಲು ಈ ಬರಹ.

ಎರಡು ಕಡತಗಳ ನಡುವಿನ ವ್ಯತ್ಯಾಸ ತೋರಿಸುವ ‘ಡಿಫ್’ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲೇ ಹುಟ್ಟಿತ್ತು. ಆ ವ್ಯತ್ಯಾಸವನ್ನು ಇನ್ನೊಬ್ಬರ ಕಡತಕ್ಕೆ ಹಚ್ಚಿಕೊಡುವ ‘ಪ್ಯಾಚ್’ ಎಂಬ ಪುಟ್ಟ ಪ್ರೋಗ್ರಾಮನ್ನು 1985ರಲ್ಲಿ ಬರೆದವರು ಲ್ಯಾರಿ ವಾಲ್. ಮುಂದೆ ಪರ್ಲ್ ಭಾಷೆ ಕಟ್ಟಿದವರೂ ಅವರೇ. ಪ್ಯಾಚಿನ ಪ್ರತಿಯೊಂದು ತುಂಡಿಗೆ ‘ಹಂಕ್’ ಎಂದು ಹೆಸರು. ತೆಗೆಯಬೇಕಾದ ಸಾಲು, ಸೇರಿಸಬೇಕಾದ ಸಾಲುಗಳ ಜೊತೆಗೆ ಅದರ ಹಿಂದಿನ ಮೂರು, ಮುಂದಿನ ಮೂರು ಸಾಲುಗಳನ್ನೂ ಅದು ಸಾಮಾನ್ಯವಾಗಿ ಹೊತ್ತುಕೊಂಡು ಬರುತ್ತದೆ. ಬರೀ ಸಾಲಿನ ಸಂಖ್ಯೆ ನಂಬಿದರೆ ಮೇಲೆ ಯಾರೋ ಎರಡು ಸಾಲು ಸೇರಿಸಿದ ಕೂಡಲೇ ತೇಪೆ ತಪ್ಪು ಜಾಗಕ್ಕೆ ಬೀಳುತ್ತದೆ. ಬಾಡಿಗೆ ಮನೆಗೆ ಹೋಗುವ ಮುಂಚೆ ಅಕ್ಕಪಕ್ಕ ಯಾರಿದ್ದಾರೆ ಎಂದು ವಿಚಾರಿಸುವಂತೆ, ತುಂಡು ಸಹ ನೆರೆಹೊರೆ ನೋಡಿಯೇ ಕೂರುತ್ತದೆ.

ನೆರೆಹೊರೆ ಪೂರ್ತಿ ಹೊಂದದಿದ್ದರೆ ಏನು ಮಾಡಬೇಕು? ಈಗ ಎಲ್ಲ ಕಡೆ ಸಿಗುವ ಗ್ನೂ ಪ್ಯಾಚ್ ಸ್ವಲ್ಪ ಉದಾರಿ. ತುಂಡಿನ ಅಂಚಿನ ಎರಡು ಸಾಲುಗಳವರೆಗೆ ಕಣ್ಣುಮುಚ್ಚಿಕೊಂಡು, ‘ಸುಮಾರಾಗಿ ಹೊಂದಿತು’ ಎಂದು ಹಚ್ಚಿಬಿಡುತ್ತದೆ. ಇದಕ್ಕೆ ‘ಫಜ್’ ಎನ್ನುತ್ತಾರೆ. ಅದಕ್ಕೂ ಹೊಂದದ್ದನ್ನು ಬೇರೆ ಕಡತದಲ್ಲಿ ಎತ್ತಿಟ್ಟು, ಉಳಿದದ್ದನ್ನು ಹಚ್ಚಿ ಮುಗಿಸುತ್ತದೆ. ‘ಗಿಟ್ ಅಪ್ಲೈ’ ಬಿಗಿ ಮನುಷ್ಯ. ನಾವಾಗಿ ಸಡಿಲಿಸದ ಹೊರತು ನೆರೆಯ ಒಂದು ಸಾಲನ್ನೂ ಅದು ಕಡೆಗಣಿಸುವುದಿಲ್ಲ. ಒಂದು ತುಂಡು ಕೂರದಿದ್ದರೆ ಯಾವುದನ್ನೂ ಹಚ್ಚುವುದಿಲ್ಲ.

ನಮ್ಮ ತಂಡ ಬಳಸುವುದು ಲಿಬ್‌ಗಿಟ್2. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದರು. ಅದರ ಕೆಲಸಗಳನ್ನು ಬೇರೆ ಪ್ರೋಗ್ರಾಮುಗಳ ಒಳಗಿನಿಂದಲೇ ಕರೆಯಲು ಬರುವಂಥ ಸಿ ಲೈಬ್ರರಿಯಾಗಿ 2008ರಲ್ಲಿ ಲಿಬ್‌ಗಿಟ್2 ಶುರುಮಾಡಿದವರು ಶಾನ್ ಪಿಯರ್ಸ್. ನಮಗೆ ಅದು ಬೇಕಾದದ್ದು ಹೀಗೆ. ಪುಣೆಯ ಸುತ್ತಮುತ್ತಲ ಕೆಲವು ಪತಸಂಸ್ಥೆಗಳಿಗೆ, ಅಂದರೆ ನಮ್ಮ ಕಡೆಯ ಪತ್ತಿನ ಸಹಕಾರ ಸಂಘಗಳಂಥವಕ್ಕೆ, ನಾವು ಲೆಕ್ಕದ ತಂತ್ರಾಂಶ ನೋಡಿಕೊಳ್ಳುತ್ತೇವೆ. ಮೂಲ ಒಂದೇ, ಆದರೆ ಪ್ರತಿ ಸಂಸ್ಥೆಯೂ ವರ್ಷಗಳಿಂದ ‘ನಮಗಿಷ್ಟು ಬದಲಿಸಿಕೊಡಿ’ ಎಂದು ಕೇಳಿ ಕೇಳಿ, ಪ್ರತಿಯೊಂದಕ್ಕೂ ಒಂದು ಪ್ರತ್ಯೇಕ ಶಾಖೆ ಬೆಳೆದಿದೆ. ಮೂಲದಲ್ಲಿ ಆದ ತಿದ್ದುಪಡಿಯನ್ನು ಎಲ್ಲ ಶಾಖೆಗಳಿಗೂ ಹಚ್ಚುವ ಸಾಧನವೊಂದನ್ನು ನಮ್ಮ ಹುಡುಗರು ಈ ಲೈಬ್ರರಿಯ ಮೇಲೆ ಕಟ್ಟಿದರು.

ಹಚ್ಚುವಾಗ ಆ ಲೈಬ್ರರಿ ಮೂರು ಪ್ರಶ್ನೆ ಕೇಳುತ್ತದೆ.

ಮೊದಲನೆಯದು, ಎಲ್ಲಿ ಹಚ್ಚಲಿ? ವರ್ಕಿಂಗ್ ಡೈರೆಕ್ಟರಿ, ಇಂಡೆಕ್ಸ್, ಅಥವಾ ಎರಡೂ. ಮೊದಲನೆಯದರಲ್ಲಿ ಕಣ್ಣಿಗೆ ಕಾಣುವ ಕಡತಗಳು ಬದಲಾಗುತ್ತವೆ, ಇಂಡೆಕ್ಸ್ ಹಾಗೇ ಇರುತ್ತದೆ. ಎರಡನೆಯದರಲ್ಲಿ ಮುಂದಿನ ಕಮಿಟ್‌ಗೆ ಸಿದ್ಧವಾದ ಪ್ರತಿ ಮಾತ್ರ ಬದಲಾಗುತ್ತದೆ. ‘ಎರಡೂ’ ಎಂದರೆ ಎರಡರಲ್ಲಿರುವ ಪ್ರತಿಗಳು ಮೊದಲೇ ಒಂದೇ ಆಗಿರಬೇಕು. ಯಾರದೋ ಅರ್ಧಂಬರ್ಧ ಕೆಲಸ ಅಲ್ಲಿ ಬಿದ್ದಿದ್ದರೆ ಅದು ಹಚ್ಚಲು ಒಪ್ಪುವುದಿಲ್ಲ. ಇವು ಯಾವುವೂ ಬೇಡವೆಂದರೆ ಒಂದು ಟ್ರೀಗೆ ಹಚ್ಚಿ, ಫಲಿತಾಂಶವನ್ನು ನೆನಪಿನಲ್ಲೇ ಇಟ್ಟುಕೊಳ್ಳುವ ಪ್ರತ್ಯೇಕ ಫಂಕ್ಷನ್ ಕೂಡ ಇದೆ. ಸರ್ವರಿನಲ್ಲಿ ಕೆಲಸ ಮಾಡುವವರಿಗೆ ಅದು ಅನುಕೂಲ.

ಎರಡನೆಯದು, ನಿಜವಾಗಿ ಹಚ್ಚಲೋ, ಹೊಂದುತ್ತದೆಯೇ ಎಂದು ನೋಡಿ ಹೇಳಲೋ? ಇದಕ್ಕೆ ‘ಚೆಕ್’ ಎಂಬ ಒಂದು ಫ್ಲಾಗ್. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವವರು ಹಳೆಯ ಸೀರೆಯ ತುಂಡುಗಳನ್ನು ಮೊದಲು ಹರವಿ, ಜೋಡಿಸಿ ನೋಡಿ, ಆಮೇಲೆ ಸೂಜಿ ಹಿಡಿಯುತ್ತಾರಲ್ಲ, ಅದೇ ಬುದ್ಧಿ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಪ್ರತಿ ಕಡತದ ಬದಲಾವಣೆಗೆ ಮುಂಚೆ ಒಮ್ಮೆ, ಅದರ ಪ್ರತಿ ತುಂಡಿಗೆ ಮುಂಚೆ ಮತ್ತೊಮ್ಮೆ, ಲೈಬ್ರರಿ ನಾವು ಕೊಟ್ಟ ಕಾಲ್‌ಬ್ಯಾಕ್ ಫಂಕ್ಷನ್ನನ್ನು ಕರೆದು ‘ಏನು ಮಾಡಲಿ?’ ಎಂದು ಕೇಳುತ್ತದೆ. ಸೊನ್ನೆ ಎಂದರೆ ಹಚ್ಚು. ಸೊನ್ನೆಗಿಂತ ಕಡಿಮೆಯಾದರೆ ಅಲ್ಲೇ ನಿಲ್ಲಿಸು. ಸೊನ್ನೆಗಿಂತ ಹೆಚ್ಚಾದರೆ ಇದೊಂದನ್ನು ಬಿಟ್ಟು ಮುಂದೆ ಹೋಗು. ಇಲ್ಲೊಂದು ವಿಷಯ ಗಮನಿಸಬೇಕು: ಬಿಟ್ಟು ಹೋದರೂ ಕೊನೆಗೆ ಬರುವ ಉತ್ತರ ‘ಯಶಸ್ಸು’ ಎಂದೇ. ಲೈಬ್ರರಿಯ ದೃಷ್ಟಿಯಲ್ಲಿ ಅದು ಸರಿ. ಬಿಡು ಎಂದವರು ನಾವು, ಅದು ಬಿಟ್ಟಿತು. ಏನನ್ನು, ಯಾಕೆ ಬಿಟ್ಟೆವು ಎಂದು ನೆನಪಿಡುವ ಹೊಣೆ ನಮ್ಮದು. ತುಂಡಿನ ಕಾಲ್‌ಬ್ಯಾಕ್‌ಗೆ ತಾನು ಯಾವ ಕಡತದಲ್ಲಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ. ಕಡತದ ಕಾಲ್‌ಬ್ಯಾಕ್ ಬಂದಾಗಲೇ ಹೆಸರನ್ನು ‘ಪೇಲೋಡ್’ನಲ್ಲಿ ಬರೆದಿಟ್ಟುಕೊಂಡಿರಬೇಕು.

ಇದೆಲ್ಲ ಒಣ ವಿವರ ಅನ್ನಿಸಬಹುದು. ನಮಗೆ ಇದು ಪಿಗ್ಮಿ ಠೇವಣಿಯ ರೂಪದಲ್ಲಿ ಎದುರಾಯಿತು. ಪಿಗ್ಮಿ ಕನ್ನಡಿಗರಿಗೆ ಹೊಸದಲ್ಲ, 1928ರಲ್ಲಿ ಟಿ.ಎಂ.ಎ. ಪೈಯವರು ಶುರುಮಾಡಿದ ಯೋಜನೆ ಅದು. ಇಲ್ಲಿನ ತರಕಾರಿ ಮಾರುವವರೂ, ಚಹಾ ಅಂಗಡಿಯವರೂ ಏಜೆಂಟರ ಕೈಗೆ ದಿನಕ್ಕಿಷ್ಟು ಎಂದು ಕೊಡುತ್ತಾರೆ. ಅವಧಿಗೆ ಮುಂಚೆ ಖಾತೆ ಮುಚ್ಚಿದರೆ ಒಂದಿಷ್ಟು ಕಡಿತ. ಆ ಕಡಿತದ ಲೆಕ್ಕವನ್ನು ಮೂಲದಲ್ಲಿ ತಿದ್ದಿದ್ದೆವು. ಐದು ಕಡತ, ಹನ್ನೆರಡು ತುಂಡು. ಒಂದು ಸಂಸ್ಥೆ ಬಿಟ್ಟು ಉಳಿದ ಎಲ್ಲದಕ್ಕೂ ಪ್ಯಾಚ್ ಸಲೀಸಾಗಿ ಕೂತಿತು. ಆ ಒಂದರಲ್ಲಿ ಚೆಕ್ ಸೋತಿತು. ಗದಗದ ಹುಡುಗನೊಬ್ಬ ತುಂಡುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಂದು ಹೇಳಿದ:

“ಸರ, ಹನ್ನೊಂದು ಕೂತಾವ್ರಿ. ಕೊನೇ ಫೈಲಿಂದು ಒಂದ ಕೂಡವಲ್ದು. ಅದೊಂದ ಬಿಟ್ಟು ಮುಂದ ಹೋಗೂಣೇನ್ರಿ? ಇವತ್ತ ರಾತ್ರಿ ರಿಲೀಸ್ ಐತಿ.”

ಮರಾಠಿ ಸಹೋದ್ಯೋಗಿಯೊಬ್ಬರ ಸಲಹೆ ಬೇರೆ: ಗ್ನೂ ಪ್ಯಾಚಿನಲ್ಲಿ ಸ್ವಲ್ಪ ಫಜ್ ಕೊಟ್ಟು ಹಚ್ಚಿಬಿಡೋಣ, ನಾಲ್ಕು ಸಾಲಿನ ವಿಷಯ. ಇಬ್ಬರ ಮಾತಿನಲ್ಲೂ ತರ್ಕವಿತ್ತು. ಹನ್ನೆರಡರಲ್ಲಿ ಹನ್ನೊಂದು ಅಂದರೆ ಕಾಗದದ ಮೇಲೆ ಒಳ್ಳೆಯ ಅಂಕವೇ.

ಆದರೆ ಆ ಹನ್ನೊಂದು ತುಂಡುಗಳೆಲ್ಲ ಪರದೆ, ರಸೀದಿ, ವರದಿ, ಪರೀಕ್ಷೆಗಳಿಗೆ ಸೇರಿದವು. ಲೆಕ್ಕ ಮಾಡುವ ಸಾಲು ಇದ್ದದ್ದು ಹನ್ನೆರಡನೆಯದರಲ್ಲಿ. ಅದನ್ನು ಬಿಟ್ಟರೆ ರಸೀದಿ ಹೊಸ ನಿಯಮ ಹೇಳುತ್ತದೆ, ಖಾತೆಯಿಂದ ಹಳೆಯ ನಿಯಮದಂತೆ ದುಡ್ಡು ಹೋಗುತ್ತದೆ. ಇನ್ನು ಬಲವಂತವಾಗಿ ಹಚ್ಚುವ ಮುಂಚೆ, ಅಲ್ಲಿ ನೆರೆಹೊರೆ ಯಾಕೆ ಬೇರೆ ಇದೆ ಎಂದು ನೋಡಬೇಕಿತ್ತು. ಗಿಟ್ ಬ್ಲೇಮ್ ಹಾಕಿದೆವು. ಎಷ್ಟೋ ವರ್ಷದ ಹಿಂದೆ ಯಾರೋ ಒಂದು ‘ಇಫ್’ ಸೇರಿಸಿದ್ದರು. ಟಿಪ್ಪಣಿಯಿಲ್ಲ. ಕಮಿಟ್ ಸಂದೇಶದಲ್ಲಿ ‘ಗ್ರಾಹಕರು ಕೇಳಿದ ಬದಲಾವಣೆ’ ಎಂದಷ್ಟೇ ಇತ್ತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು.

ರಿಲೀಸ್ ನಿಲ್ಲಿಸಿ, ಆ ಸಂಸ್ಥೆಯಿಂದ ನಿವೃತ್ತರಾಗಿದ್ದ ಮ್ಯಾನೇಜರರಿಗೆ ಫೋನ್ ಮಾಡಿದೆ. ನನ್ನ ಮರಾಠಿ ಇಷ್ಟು ವರ್ಷಗಳಾದರೂ ಫೋನಿನಲ್ಲಿ ತಡವರಿಸುತ್ತದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ನಕ್ಕರು. ಖಾತೆದಾರ ತೀರಿಕೊಂಡು ಮನೆಯವರು ಖಾತೆ ಮುಚ್ಚಲು ಬಂದರೆ ಒಂದು ಪೈಸೆಯನ್ನೂ ಕಡಿಯಬಾರದು ಎಂದು ಅವರ ಆಡಳಿತ ಮಂಡಳಿ ಠರಾವು ಮಾಡಿತ್ತಂತೆ. ಆ ‘ಇಫ್’ ಆ ಠರಾವು. ಫಜ್ ಕೊಟ್ಟು ಹಚ್ಚಿದ್ದರೆ ಹೊಸ ಕಡಿತದ ಲೆಕ್ಕ ಅದರ ಹೊರಗೆ ಹೋಗಿ ಕೂರುವ ಸಾಧ್ಯತೆ ಇತ್ತು. ದಿನಕ್ಕೆ 50 ರೂಪಾಯಿಯಂತೆ ಒಂದು ವರ್ಷ ಕಟ್ಟಿದರೆ 18,250 ರೂಪಾಯಿ. ಶೇಕಡಾ 3 ಕಡಿತ ಎಂದಿಟ್ಟುಕೊಂಡರೂ 547 ರೂಪಾಯಿ 50 ಪೈಸೆ. ಹೆಚ್ಚುಕಡಿಮೆ ಹನ್ನೊಂದು ದಿನದ ಉಳಿತಾಯ. ಗಂಡನನ್ನು ಕಳೆದುಕೊಂಡು ಪಾಸ್‌ಬುಕ್ ಹಿಡಿದು ಬಂದ ಹೆಂಗಸು ಅದನ್ನು ಪ್ರಶ್ನಿಸುವುದಿಲ್ಲ. ಕಂಪ್ಯೂಟರ್ ಹೇಳಿದೆ ಎಂದರೆ ಮುಗಿಯಿತು.

ಹನ್ನೆರಡನೆಯ ತುಂಡನ್ನು ಆ ಶಾಖೆಗಾಗಿ ಕೈಯಲ್ಲೇ ಬರೆದೆವು. ಹೊಸ ಲೆಕ್ಕವೂ ಬಂತು, ಹಳೆಯ ಠರಾವೂ ಉಳಿಯಿತು. ಈ ಸಲ ‘ಇಫ್’ನ ಮೇಲೆ ಎರಡು ಸಾಲು ವಿವರಣೆಯೂ ಸೇರಿತು. ರಿಲೀಸ್ ಮೂರು ದಿನ ತಡವಾಯಿತು. ಹಾಗೆ ತಡವಾದದ್ದಕ್ಕೆ ಮೇಲಿನವರಿಗೆ ಉತ್ತರ ಕೊಡುವುದು ಪ್ರಾಜೆಕ್ಟ್ ಮ್ಯಾನೇಜರನ ಕೆಲಸ, ಕೊಟ್ಟೆ.

ಆಮೇಲೆ ಸಾಧನಕ್ಕೆ ಮೂರು ನಿಯಮ ಹಾಕಿದೆವು. ಎಲ್ಲ ಶಾಖೆಗಳಲ್ಲಿ ಚೆಕ್ ಮುಗಿಯದೆ ಯಾವ ಶಾಖೆಯಲ್ಲೂ ಹಚ್ಚುವಂತಿಲ್ಲ. ಹಚ್ಚುವಾಗ ಇಂಡೆಕ್ಸ್ ಮತ್ತು ವರ್ಕಿಂಗ್ ಡೈರೆಕ್ಟರಿ ಎರಡಕ್ಕೂ ಒಟ್ಟಿಗೇ, ಏಕೆಂದರೆ ಎರಡೂ ಒಂದೇ ಆಗಿವೆಯೇ ಎಂಬ ಪರೀಕ್ಷೆ ಅದರಲ್ಲಿ ಪುಕ್ಕಟೆ ಸಿಗುತ್ತದೆ. ಕಾಲ್‌ಬ್ಯಾಕ್ ತಾನಾಗಿ ಯಾವ ತುಂಡನ್ನೂ ಬಿಡುವಂತಿಲ್ಲ. ಬಿಡಬೇಕೆಂದರೆ ಒಬ್ಬ ಮನುಷ್ಯ ತನ್ನ ಹೆಸರು ಮತ್ತು ಕಾರಣ ಬರೆಯಬೇಕು, ಅದು ಕೊನೆಯ ವರದಿಯಲ್ಲಿ ‘ಯಶಸ್ಸು’ ಎಂಬ ಪದಕ್ಕಿಂತ ಮೇಲೆ ಕಾಣಬೇಕು. ಬಿಡಲೇಬಾರದು ಅಂತಲ್ಲ. ಒಂದು ಸಂಸ್ಥೆಗೆ ಬೇಡದ ವರದಿಯ ತುಂಡನ್ನು ಬಿಡುವುದು ನ್ಯಾಯವೇ, ಈಗಲೂ ಬಿಡುತ್ತೇವೆ. ಆದರೆ ‘ಇದು ಇವರಿಗೆ ಬೇಡ’ ಎಂದು ತಿಳಿದು ಬಿಡುವುದು ಬೇರೆ, ‘ಇದು ಕೂರುತ್ತಿಲ್ಲ’ ಎಂದು ಬಿಡುವುದು ಬೇರೆ. ಎರಡಕ್ಕೂ ಕೋಡಿನಲ್ಲಿ ಬರೆಯುವುದು ಒಂದೇ ಅಂಕೆ.

ಈ ಪತ್ರಿಕೆ ಓದುವ ಬಹಳ ಮಂದಿ ಇದೇ ಕಸುಬಿನವರು. ‘ಪ್ಯಾಚ್ ಡಸ್ ನಾಟ್ ಅಪ್ಲೈ’ ಎಂಬ ಸಂದೇಶ ವಾರಕ್ಕೊಮ್ಮೆಯಾದರೂ ಕಂಡಿರುತ್ತೀರಿ. ಅದನ್ನು ಸಾಧನದ ಹಟ ಎಂದು ತಿಳಿಯಬೇಡಿ. ಈ ಜಾಗಕ್ಕೆ ನಿಮಗಿಂತ ಮುಂಚೆ ಇನ್ಯಾರೋ ಬಂದು ಹೋಗಿದ್ದಾರೆ ಎಂದಷ್ಟೇ ಅದು ಹೇಳುತ್ತಿರುತ್ತದೆ. ಅವರು ಯಾರು, ಯಾಕೆ ಬಂದಿದ್ದರು ಎಂದು ವಿಚಾರಿಸಿ. ಬಹುತೇಕ ಸಲ ಏನೂ ಇರುವುದಿಲ್ಲ, ಹತ್ತು ನಿಮಿಷ ಹೋಗುತ್ತದೆ, ಅಷ್ಟೆ.