ಕಾಡುಬಸಳೆಯ ಪಾಠ

ಬಾಗಲಕೋಟೆಯ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಅಂಗಳದ ಹೂಗಿಡಗಳೆಲ್ಲ ನೀರಿಗಾಗಿ ಬಾಯಿಬಿಡುತ್ತವೆ. ಲೋಳೆಸರ, ಮಂಗರವಳ್ಳಿ, ಕಾಡುಬಸಳೆಗಳು ಮಾತ್ರ ತಮ್ಮ ಒಡಲಲ್ಲಿಯೇ ತೇವವನ್ನು ಕೂಡಿಟ್ಟುಕೊಂಡು ನಿಶ್ಚಿಂತೆಯಿಂದಿರುತ್ತವೆ. ಇಂತಹ ಗಿಡಗಳಿಗೆ ಬರಗಾಲಕ್ಕಿಂತಲೂ ಸಾಕುವವರ ಅತಿಯಾದ ಮಮತೆಯೇ ಅಪಾಯಕರವೆಂಬುದನ್ನು ಅಲ್ಲಿಯ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ನೋವಿನಿಂದಲೇ ಅರಿತರು.

ಅವರ ಧರ್ಮಪತ್ನಿ ತವರಿನಿಂದ ತಂದು ನೆಟ್ಟ ಕಾಡುಬಸಳೆಯೊಂದು ಮನೆಯ ಕುಂಡದಲ್ಲಿತ್ತು. ಆಕೆ ತೀರಿಕೊಂಡ ಮೇಲೆ ಗುರುಗಳು ಅದಕ್ಕೆ ಬೆಳಿಗ್ಗೆ ಸಂಜೆ ತಪ್ಪದೆ ನೀರೆರೆದರು. ಕುಂಡದಲ್ಲಿದ್ದುದು ಎರೆಮಣ್ಣು, ಒಮ್ಮೆ ನೆನೆದರೆ ಬೇಗ ಆರದು. ಬೇರುಗಳು ಗಾಳಿಯಿಲ್ಲದೆ ಕೊಳೆತು, ಕಾಂಡ ಮೆತ್ತಗಾಗಿ ಬಾಗಿತು. ಗಿಡಕ್ಕೆ ಬಾಯಾರಿತೆಂದು ಭಾವಿಸಿ ಅವರು ಇನ್ನೊಂದು ತಂಬಿಗೆ ಸುರಿದರು. ಕೊನೆಗೆ ಗಟ್ಟಿಯಾಗಿ ಉಳಿದುದು ಒಂದೇ ಎಲೆ.

ಅದನ್ನು ಕೈಯಲ್ಲಿ ಹಿಡಿದಾಗ, ತಾವೇ ತರಗತಿಯಲ್ಲಿ ಹೇಳುತ್ತಿದ್ದ ಸಂಗತಿ ಅವರ ನೆನಪಿಗೆ ಬಂದಿತು. ಹಿಂದೊಮ್ಮೆ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆ ನಡೆಸಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ, ಇದೇ ಗಿಡದ ಎಲೆ ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುವುದನ್ನು ಸವಿದು ಕಂಡು ಬರೆದ ಪತ್ರ 1815ರಲ್ಲಿ ಪ್ರಕಟವಾಯಿತು. ಅದರ ಕಾರಣ ಮುಂದೆ ತಿಳಿದುಬಂದಿತು. ಈ ಗಿಡ ರಾತ್ರಿಯ ತಂಪಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು, ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲವಾಗಿ ಕೂಡಿಡುತ್ತದೆ. ಹಗಲಿನಲ್ಲಿ ಬಾಗಿಲಿಕ್ಕಿಕೊಂಡು, ಆ ಕೂಡಿಟ್ಟುದರಿಂದಲೇ ಬಿಸಿಲಿನ ಬಲದಿಂದ ಆಹಾರ ಮಾಡಿಕೊಳ್ಳುತ್ತದೆ. ಬಿಸಿಲಿಗೆ ತೇವ ಸೋರಗೊಡದ ಗಿಡಕ್ಕೆ ದಿನಕ್ಕೆರಡು ಸಲ ನೀರೇತಕ್ಕೆ?

ಗುರುಗಳು ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆಯ ಚೂರುಗಳನ್ನು ಸಮನಾಗಿ ಬೆರೆಸಿ, ತಳದಲ್ಲಿ ತೂತುಳ್ಳ ಮಣ್ಣಿನ ಕುಂಡಕ್ಕೆ ತುಂಬಿದರು. ಎಲೆಯನ್ನು ಅದರ ಮೇಲೆ ಸುಮ್ಮನೆ ಇಟ್ಟು, ತಂಬಿಗೆಯತ್ತ ಹೋಗುತ್ತಿದ್ದ ಕೈಯನ್ನು ಪ್ರಯತ್ನಪೂರ್ವಕವಾಗಿ ತಡೆದರು. ಕೆಲವು ವಾರಗಳಲ್ಲಿ ಎಲೆಯಂಚಿನ ಕಚ್ಚುಗಳಲ್ಲಿ ಪುಟ್ಟ ಪುಟ್ಟ ಸಸಿಗಳು ಬೇರುಬಿಟ್ಟು ತಲೆಯೆತ್ತಿದವು. ತಾಯಿಯೆಲೆ ತನ್ನ ರಸವನ್ನೆಲ್ಲ ಅವಕ್ಕೆ ಧಾರೆಯೆರೆದು ಸುಕ್ಕಾಯಿತು.

ಈಗ ಅವರನ್ನು ಕಾಣಬಂದ ಹಳೆಯ ವಿದ್ಯಾರ್ಥಿಗಳಾರೂ ಬರಿಗೈಯಲ್ಲಿ ಮರಳುವುದಿಲ್ಲ. ಒಂದು ಸಸಿಯ ಜೊತೆಗೆ ಒಂದೇ ಮಾತು: “ಮಣ್ಣಾಗ ಬೆರಳಿಟ್ಟು ನೋಡಪಾ, ಹಸಿ ಹತ್ತಿದರ ನೀರು ಹಾಕಬ್ಯಾಡ.”

ಅವರಲ್ಲಿಯೇ ಒಬ್ಬರು, ಈಗ ಸ್ವತಃ ಶಿಕ್ಷಕರಾಗಿರುವವರು, ಒಮ್ಮೆ ನಗುತ್ತ ಕೇಳಿದರು: “ಸರ್, ನಾವು ಉತ್ತರ ಯೋಚಿಸೂದರೊಳಗ ನೀವೇ ಹೇಳಿಬಿಡ್ತಿದ್ರಿ, ನೆನಪೈತೇನ್ರಿ?” ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಶಿಷ್ಯನ ಕೈಗೆ ಇನ್ನೊಂದು ಸಸಿಯನ್ನಿತ್ತರು.