ಸುರತ್ಕಲ್ಲಿನಲ್ಲಿ ಒಂದು ಶನಿವಾರ

ಹಲಸಿನ ಹಪ್ಪಳದ ಒಂದು ಕಟ್ಟನ್ನೂ ಮಾವಿನ ಮಿಡಿಯ ಉಪ್ಪಿನಕಾಯಿಯ ಒಂದು ಭರಣಿಯನ್ನೂ ಚೀಲದಲ್ಲಿ ಹೊತ್ತುಕೊಂಡು ಕಳೆದ ಫೆಬ್ರವರಿಯ ಒಂದು ಶನಿವಾರ ಕಾಸರಗೋಡಿನಿಂದ ಬಸ್ಸು ಹತ್ತಿದೆ. ಕಟ್ಟು ನನ್ನದಲ್ಲ, ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿರುವ ತಾಯಿಯೊಬ್ಬರು ಕೊಟ್ಟುದು. ಆ ಮಗಳು ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಈಗ ಸುರತ್ಕಲ್ಲಿನಲ್ಲಿ ಕೆಮಿಕಲ್ ಇಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿದ್ದಾಳೆ.

ನಾನು ಹೊರಟುದಕ್ಕೆ ಹಪ್ಪಳವೊಂದೇ ಕಾರಣವಲ್ಲ. ನಮ್ಮೂರಿನ ಅಡಿಕೆ ಕೃಷಿಕರೊಬ್ಬರು, ಮಗನನ್ನು ಬರುವ ಜೂನ್ ತಿಂಗಳಲ್ಲಿ ಯಾವ ಮಾಧ್ಯಮಕ್ಕೆ ಸೇರಿಸಲಿ ಎಂದು ನನ್ನನ್ನು ಕೇಳಿದ್ದರು. ಇಷ್ಟು ವರ್ಷ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಿದವನು ನಾನು. ಈ ಸಲ ನಾಲಗೆ ತಡೆಯಿತು. ಉತ್ತರ ಗೊತ್ತಿರಬೇಕಾದವಳು ಅವಳು, ನಾನಲ್ಲ.

ತಲಪಾಡಿ ಕಳೆದು, ನೇತ್ರಾವತಿಯನ್ನು ದಾಟಿ, ಮಂಗಳೂರಿನಲ್ಲಿ ಬಸ್ಸು ಬದಲಿಸಿ ಉಡುಪಿಯ ಹಾದಿ ಹಿಡಿದರೆ ಕೂಳೂರಿನ ಹೊಳೆ, ಪಣಂಬೂರಿನ ಬಂದರು, ಗೊಬ್ಬರದ ಕಾರ್ಖಾನೆಯ ಗೋಪುರಗಳು ಒಂದೊಂದಾಗಿ ಸರಿಯುತ್ತವೆ. ಸುರತ್ಕಲ್ ಪೇಟೆಯಿಂದ ಮುಂದೆ ಶ್ರೀನಿವಾಸನಗರ. ಸಂಸತ್ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರು ಹೊತ್ತ ನೆಲವಿದು. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜೆಂದು ಆರಂಭವಾದ ವಿದ್ಯಾಸಂಸ್ಥೆ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಪಕ್ಕದಲ್ಲೇ ಕಡಲು, ದೀಪಸ್ತಂಭ.

ಅವಳು ಬಾಗಿಲಲ್ಲೇ ಕಾದಿದ್ದಳು. ಅಧ್ಯಾಪಕರೊಬ್ಬರ ಅನುಮತಿ ಪಡೆದು ಪ್ರಯೋಗಾಲಯವನ್ನು ತೋರಿಸಿದಳು. ರಸಾಯನಶಾಸ್ತ್ರವೆಂದರೆ ಪ್ರನಾಳ, ಲಿಟ್ಮಸ್ ಕಾಗದ ಎಂದುಕೊಂಡಿದ್ದ ನನಗೆ ಅಲ್ಲಿ ಕಂಡುದು ಕೊಳವೆ, ಪಂಪು, ಕವಾಟಗಳ ಕಾಡು. ಬೆಳಗ್ಗೆ ಪಾಠ, ಮಧ್ಯಾಹ್ನ ಪ್ರಯೋಗ, ರಾತ್ರಿ ಅದರ ಲೆಕ್ಕ ಬರೆದು ನಕ್ಷೆ ಎಳೆಯುವುದು, ಇದು ಅವಳ ದಿನ. ಒಂದು ಪ್ರಯೋಗದ ಅಂಕೆಗಳು ಕೂಡಿಬಾರದಿದ್ದರೆ ನಿದ್ದೆಯೂ ಇಲ್ಲವಂತೆ.

ಒಂದು ಗಾಜಿನ ಕೊಳವೆಯಲ್ಲಿ ನೀರು ಹರಿಸಿ ನಡುವೆ ಬಣ್ಣದ ಸಣ್ಣ ಎಳೆಯೊಂದನ್ನು ಬಿಟ್ಟಳು. ಹರಿವು ನಿಧಾನವಾಗಿದ್ದಾಗ ಎಳೆ ನೂಲಿನಂತೆ ನೇರವಾಗಿ ಸಾಗಿತು. ನಲ್ಲಿಯನ್ನು ಹೆಚ್ಚು ತಿರುಗಿಸಿದಾಗ ನಡುಗಿ, ಒಡೆದು, ನೀರೆಲ್ಲ ಬಣ್ಣವಾಯಿತು. ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಪ್ರಕಟಿಸಿದ ಪ್ರಯೋಗವಿದು. ವೇಗ, ಕೊಳವೆಯ ವ್ಯಾಸ, ಸಾಂದ್ರತೆಗಳನ್ನು ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಅಂಕೆ ಸುಮಾರು 2100ನ್ನು ಮೀರಿದರೆ ಎಳೆ ನೇರವಾಗಿ ಉಳಿಯುವ ಭರವಸೆಯಿಲ್ಲ. “ದೇವರ ಕೋಣೆಯ ಊದುಬತ್ತಿಯ ಹೊಗೆಯೂ ಹಾಗೇ ಅಲ್ಲವೇ ಮಾಷ್ಟ್ರೇ, ಮೊದಲು ನೇರ, ಮೇಲೆ ಹೋದಂತೆ ಸುರುಳಿ” ಎಂದಳು. ಮೂವತ್ತು ವರ್ಷ ಆ ಹೊಗೆಯನ್ನು ನಾನೂ ನೋಡಿದ್ದೇನೆ.

ಮುಂದೆ ಆಸವನದ ಎತ್ತರದ ಸ್ತಂಭ. ಭಟ್ಟಿ ಇಳಿಸುವುದೆಂದರೆ ನಮ್ಮ ಕಡೆ ಗೇರುಹಣ್ಣಿನ ಕಾಲದಲ್ಲಿ ಅಬಕಾರಿಯವರಿಗೆ ಸಂಬಂಧಿಸಿದ ವಿಷಯ. ಇಲ್ಲಿ ಅದಕ್ಕೆ ಪರೀಕ್ಷೆಯೇ ಇದೆ! ಒಳಗೆ ಒಂದರ ಮೇಲೊಂದು ತಟ್ಟೆಗಳು. ಆವಿ ಮೇಲೇರುತ್ತ, ದ್ರವ ಕೆಳಗಿಳಿಯುತ್ತ, ತಟ್ಟೆತಟ್ಟೆಗೂ ಮದ್ಯಸಾರ ಹೆಚ್ಚು ಶುದ್ಧವಾಗುತ್ತದೆ. ಎಷ್ಟು ತಟ್ಟೆ ಬೇಕೆಂಬುದನ್ನು ನಕ್ಷೆಯ ಕಾಗದದಲ್ಲಿ ಮೆಟ್ಟಿಲು ಬರೆದು ಎಣಿಸುತ್ತಾರೆ. ಆದರೆ ನೂರಕ್ಕೆ ಸುಮಾರು 95ರ ಹತ್ತಿರ ಬಂದಾಗ ಮೆಟ್ಟಿಲುಗಳು ನಿಂತುಹೋಗುತ್ತವೆ. ಬರೇ ಕುದಿಸಿ ಉಳಿದ ನೀರನ್ನು ಬೇರ್ಪಡಿಸಲಾಗದು.

ಸಂಜೆ ಕಡಲ ದಂಡೆಯಲ್ಲಿ ಕುಳಿತಾಗ ಕೇಳಬೇಕಾದುದನ್ನು ಕೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, ಚೀಲದಿಂದ ಒಂದು ಹಳೆಯ ನೋಟುಪುಸ್ತಕವನ್ನು ತೆಗೆದಳು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಪುಟಪುಟವೂ ಹಾಗೇ. “ಹನ್ನೊಂದರಿಂದ ಇಂಗ್ಲಿಷ್ ಪುಸ್ತಕವನ್ನು ಬಾಯಿಪಾಠ ಮಾಡಿ ದಾಟಿದೆ. ಇಲ್ಲಿ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. ನೀವು ಡೆನ್ಸಿಟಿಗೂ ಸಾಂದ್ರತೆ ಎಂದಿರಿ, ಕಾನ್ಸಂಟ್ರೇಷನ್ನಿಗೂ ಸಾಂದ್ರತೆ ಎಂದಿರಿ, ಮಾಷ್ಟ್ರೇ. ನನ್ನ ತಲೆಯಲ್ಲಿ ಅವೆರಡೂ ಒಂದೇ ಆಗಿದ್ದವು.”

ಒಂದು ಘನ ಸೆಂಟಿಮೀಟರಿನ ತೂಕ ಬೇರೆ, ಒಂದು ಲೀಟರಿನಲ್ಲಿ ಕರಗಿದ ಉಪ್ಪು ಬೇರೆ. ತರಬೇತಿ ಪಡೆದ ಅಧ್ಯಾಪಕನಾಗಿ ಇದನ್ನು ನಾನು ಅರಿಯದವನಲ್ಲ. ಆದರೂ ಬಾಯಿಗೆ ಬಂದ ಒಂದೇ ಪದದಲ್ಲಿ ಎರಡನ್ನೂ ಸುಧಾರಿಸಿದ್ದೆ. ನನಗೆ ಮಾತು ಹೊರಡಲಿಲ್ಲ.

ಅವಳೇ ಮುಂದುವರಿಸಿದಳು. ಕಳೆದ ವರ್ಷ ತರಗತಿಯಲ್ಲಿ, ಚಿಕ್ಕ ಪಾತ್ರೆಯಲ್ಲಿ ಸರಿಯಾಗಿ ನಡೆಯುವ ಕ್ರಿಯೆ ದೊಡ್ಡದರಲ್ಲಿ ಏಕೆ ಕೆಡುತ್ತದೆ ಎಂದು ಕೇಳಿದ್ದರಂತೆ. ಅವಳಿಗೆ ನೆನಪಾದುದು ಊರ ದೇವಸ್ಥಾನದ ಪಾಯಸ. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಸಿದರೆ ಪಾಯಸ 8 ಪಟ್ಟು ಹಿಡಿಯುತ್ತದೆ, ಬಿಸಿ ತಾಗುವ ಮೈ ಮಾತ್ರ 4 ಪಟ್ಟು. ಆದ್ದರಿಂದಲೇ ಬಿಸಿ ಒಳಹೋಗುವುದೂ ತಡ, ಹೊರಬರುವುದೂ ತಡ. “ಅದು ನೀವು ಒಂಬತ್ತರಲ್ಲಿ ಹೇಳಿದ ಲೆಕ್ಕವೇ. ಅದನ್ನು ಕನ್ನಡದಲ್ಲೇ ಯೋಚಿಸಿದೆ. ಹೇಳುವಾಗ ಇಂಗ್ಲಿಷ್ ತಡವರಿಸಿತು.”

“ಹಾಗಾದರೆ ಅವರಿಗೆ ಏನು ಹೇಳಲಿ?” ಎಂದೆ.

“ಎರಡನ್ನೂ ಹೇಳಿ. ಮತ್ತೆ, ಎಂಟರಿಂದಲೇ ಎರಡೂ ಪದ ಹಲಗೆಯ ಮೇಲೆ ಬರೆಯಿರಿ.”

ಮರಳುವಾಗ ಪಣಂಬೂರಿನಲ್ಲಿ ಕತ್ತಲಾಗಿತ್ತು. ಗೋಪುರಗಳಲ್ಲಿ ದೀಪ ಹತ್ತಿದ್ದವು. ಬೆಳಗ್ಗೆ ಬರೇ ಗೋಪುರವಾಗಿದ್ದುದರೊಳಗೆ ಈಗ ತಟ್ಟೆಗಳಿರಬಹುದೇ ಎಂದು ಕಿಟಕಿಗೆ ಮುಖವಿಟ್ಟು ನೋಡಿದೆ.

ಕೃಷಿಕರಿಗೆ ಎಲ್ಲವನ್ನೂ, ನನ್ನ ತಪ್ಪನ್ನೂ ಸೇರಿಸಿ, ಹೇಳಿದ್ದೇನೆ. ಅವರು ಇನ್ನೂ ತೀರ್ಮಾನಿಸಿಲ್ಲ. ನೋಟುಪುಸ್ತಕದಿಂದ ನಕಲು ಮಾಡಿಕೊಂಡ ಪದಗಳು ನನ್ನ ಮೇಜಿನ ಮೇಲಿವೆ. ತಾಯಿಗೆ ಸ್ತಂಭ, ಕೊಳವೆಗಳ ಕಥೆ ಹೇಳಹೊರಟೆ. ಅವರು ಮೊರದಿಂದ ತಲೆಯೆತ್ತಿ ಕೇಳಿದ್ದು ಒಂದೇ ಮಾತು: “ಅವಳು ಸಪೂರ ಆಗಿದ್ದಾಳಾ ಮಾಷ್ಟ್ರೇ?”